‘ಲೋಕಲ್’ ಎಂದರೆ ಯಾರು?



ವಿಠ್ಠಲವಾಡಿಯಲ್ಲಿ ನಿಲ್ಲುವ ಗಾಡಿ ಲೋಕಲ್. ಅಂಗಡಿಯಲ್ಲಿ ‘ಲೋಕಲ್ ಮಾಲು’ ಎಂದರೆ ಕಳಪೆ. ನಾನು ನೋಡುವ ಸರಕಾರಿ ಕಡತಗಳಲ್ಲಿ ಲೋಕಲ್ ವಿಳಾಸ ಬೇರೆ, ಕಾಯಂ ವಿಳಾಸ ಬೇರೆ. ಕಾನೂನಿಗೆ ಬಂದಾಗ ಈ ಪದವೇ ಹಕ್ಕಾಗುತ್ತದೆ. 2024ರ ಜುಲೈಯಲ್ಲಿ ಕರ್ನಾಟಕದ ಸಚಿವ ಸಂಪುಟ ಒಪ್ಪಿ, ಕೂಡಲೇ ತಡೆಹಿಡಿದ ಉದ್ಯೋಗ ಮಸೂದೆಯು ಸ್ಥಳೀಯನಿಗೆ ಮೂರು ಲಕ್ಷಣಗಳನ್ನು ವಿಧಿಸಿತ್ತು: ಆ ರಾಜ್ಯದಲ್ಲಿ ಜನನ, 15 ವರ್ಷಗಳ ವಾಸ, ಕನ್ನಡದ ಮಾತು-ಓದು-ಬರಹ. ಇಲ್ಲಿಯೇ ಹುಟ್ಟಿ ಬೆಳೆದು ಕನ್ನಡ ಕಲಿತ ನಮ್ಮ ಮಕ್ಕಳಲ್ಲಿರುವುದು ಮೂರನೆಯದು ಮಾತ್ರ. ಅಲ್ಲಿ ಅವರು ಹೊರನಾಡಿಗರು. ಇಲ್ಲಿ ಮನೆಮಾತಿನಿಂದ ಪರಭಾಷಿಕರು. ಹುಟ್ಟೂರನ್ನು ಯಾರೂ ಆರಿಸಿಕೊಳ್ಳಲಾರರು. ಭಾಷೆಯನ್ನು ಪ್ರಯತ್ನದಿಂದಲೇ ಉಳಿಸಿಕೊಳ್ಳಬೇಕು. ಮಸೂದೆ ಮತ್ತೆ ಬರುವುದಾದರೆ ಆ ಪ್ರಯತ್ನಕ್ಕೂ ಬೆಲೆ ಸಿಗಲಿ ಎಂಬುದೇ ನನ್ನ ವಿನಂತಿ.