ಸವೆಯುವ ಗಾಲಿಯ ಲೆಕ್ಕ



ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ಹಾದಿಗಳಲ್ಲಿ ಸಂಚರಿಸಿದವರಿಗೆ ಕ್ರೂಸರ್ ಗಾಡಿಯನ್ನೂ ಟಂಟಂ ಅನ್ನೂ ಪರಿಚಯ ಮಾಡಿಕೊಡಬೇಕಾಗಿಲ್ಲ. ಸಿಂದಗಿಗೂ ಮುದ್ದೇಬಿಹಾಳಕ್ಕೂ ರೈಲಿಲ್ಲ. ಬಸ್ಸು ತಪ್ಪಿದವರಿಗೆ ಇವೇ ಗತಿ. ಈ ಕಡೆಯಿಂದ ಬೆಂಗಳೂರು, ಪುಣೆಗಳನ್ನು ಸೇರಿ, ಫೋನು ತೋರಿಸಿದ ಮನೆಯ ಮುಂದೆ ಕಾರು ನಿಲ್ಲಿಸುವ ತರುಣರೂ ಇದ್ದಾರೆ. "ದಿನಕ್ಕ ಏನು ಉಳೀತದಪಾ?" ಎಂದು ಕೇಳಿ ನೋಡಿ. ಡೀಸೆಲ್ ಕಳೆದು ಒಂದು ಅಂಕಿ ಹೇಳುತ್ತಾರೆ. ಎಚ್ಚರವುಳ್ಳವನು ಸಾಲದ ಕಂತನ್ನೂ ಕಳೆಯುತ್ತಾನೆ.

ಎರಡೂ ಉತ್ತರಗಳು ಆದಾಯವನ್ನು ಹೇಳುವುದಿಲ್ಲ. ಕಂತಿನಲ್ಲಿ ಬಡ್ಡಿಯಷ್ಟೇ ಖರ್ಚು. ಅಸಲು ಖರ್ಚಲ್ಲ, ಗಾಡಿಯ ಬೆಲೆಯನ್ನೇ ತಿರುಗಿ ಕೊಡುವುದು. ಹಾಗಾದರೆ ಗಾಡಿಯ ಬೆಲೆ ಎಲ್ಲಿ ಹೋಯಿತು? ರಸ್ತೆಯಲ್ಲಿ ಸವೆಯಿತು. ಪೆಟ್ರೋಲ್ ಬಂಕಿನವನು ಚೀಟಿ ಕೊಡುತ್ತಾನೆ, ಟೈರಿನ ಅಂಗಡಿಯವನು ಕೊಡುತ್ತಾನೆ. ಈ ಸವೆತಕ್ಕೆ ಮಾತ್ರ ಯಾರೂ ಚೀಟಿ ಬರೆಯುವುದಿಲ್ಲ. ಆದುದರಿಂದಲೇ ಅದು ಮರೆತುಹೋಗುತ್ತದೆ.

ಮರೆಯದೆ ಇದ್ದದ್ದು, ಆಶ್ಚರ್ಯವೆಂದರೆ, ತೆರಿಗೆಯ ಕಾಯಿದೆ. 1961ರ ಆದಾಯ ತೆರಿಗೆ ಕಾಯಿದೆ ಇದಕ್ಕೆ ಸವಕಳಿ ಎಂಬ ಸ್ಥಾನ ಕೊಟ್ಟಿತು. ಸ್ವಂತ ಉದ್ಯೋಗದ ಕಾರಿಗೆ ಸಾಮಾನ್ಯವಾಗಿ ವರ್ಷಕ್ಕೆ ನೂರಕ್ಕೆ 15. ಬಾಡಿಗೆಗೆ ಓಡುವ ಟ್ಯಾಕ್ಸಿಗೆ 30. ಎಂಟು ಲಕ್ಷ ರೂಪಾಯಿಯ ಗಾಡಿಯಾದರೆ ಮೊದಲ ವರ್ಷ 2,40,000, ಉಳಿದ 5,60,000ದ ಮೇಲೆ ಎರಡನೆಯ ವರ್ಷ 1,68,000, ಮೂರನೆಯ ವರ್ಷ 1,17,600. ಕೊಂಡ ವರ್ಷದಲ್ಲಿ 180 ದಿನಕ್ಕಿಂತ ಕಡಿಮೆ ಓಡಿದ್ದರೆ ಅರ್ಧ. ಇನ್ನೊಂದು ಸೂಕ್ಷ್ಮವಿದೆ: ನೀವು ಕೇಳದಿದ್ದರೂ ಕಾಯಿದೆ ಸವಕಳಿಯನ್ನು ಕೊಟ್ಟಿತೆಂದೇ ಎಣಿಸಿ ಗಾಡಿಯ ಬೆಲೆಯನ್ನು ಇಳಿಸುತ್ತದೆ. ಬಿಟ್ಟುಕೊಟ್ಟ ಔದಾರ್ಯಕ್ಕೆ ಇಲ್ಲಿ ಪುಣ್ಯವಿಲ್ಲ! 2025ರ ಹೊಸ ಕಾಯಿದೆ 2026ರ ಏಪ್ರಿಲ್ 1ರಿಂದ ಜಾರಿಗೆ ಬಂದಿದೆ. ಕಲಮುಗಳ ಸಂಖ್ಯೆ ಬದಲಾಯಿತು, ಸವಕಳಿಯ ತತ್ವ ಉಳಿಯಿತು.

ಲೆಕ್ಕ ಬೇಡವೆನ್ನುವವರಿಗೆ ಸುಲಭದ ಹಾದಿಯೊಂದುಂಟು. ಒಟ್ಟು ವಸೂಲಿಯ ನೂರಕ್ಕೆ 8, ಬ್ಯಾಂಕು ಅಥವಾ ಫೋನಿನ ಮೂಲಕ ಬಂದ ಹಣಕ್ಕೆ 6, ಕನಿಷ್ಠ ಇಷ್ಟು ಲಾಭವೆಂದು ಒಪ್ಪಿಕೊಂಡರೆ ಸಾಕು. ಇಂಡಿಯ ಲಿಂಬೆ ಹೇರಿಕೊಂಡು ಹೋಗುವ ಸಣ್ಣ ಟೆಂಪೊಗೆ ಬೇರೆಯೇ ಸೂತ್ರ: ತಿಂಗಳಿಗೆ 7,500 ರೂಪಾಯಿ ಲಾಭವೆಂದು ಗಣನೆ. ಹಣ್ಣು ಹೊತ್ತ ಗಾಡಿಯ ಸೂತ್ರ ಜನರನ್ನು ಹೊತ್ತ ಗಾಡಿಗೆ ಸಲ್ಲದು. ಎರಡನ್ನೂ ಕಲಸುವವರು ಕಡಿಮೆಯಿಲ್ಲ. ಈ ಸೂತ್ರಗಳಲ್ಲಿ ಸವಕಳಿಯೂ ಒಳಗೇ ಅಡಗಿದೆ. ಮತ್ತೆ ಬೇರೆಯಾಗಿ ಕಳೆಯುವಂತಿಲ್ಲ.

"ನಮಗ ತೆರಿಗೀನೇ ಬೀಳೂದಿಲ್ಲ, ಲೆಕ್ಕ ಯಾಕ?" ಎಂಬ ಮಾತಿನಲ್ಲಿ ನಿಜವಿದೆ. 2025-26ರ ವರ್ಷಕ್ಕೆ ಹೊಸ ಪದ್ಧತಿಯಲ್ಲಿ 12 ಲಕ್ಷ ರೂಪಾಯಿವರೆಗಿನ ಆದಾಯಕ್ಕೆ ರಿಯಾಯಿತಿಯ ಮೂಲಕ ತೆರಿಗೆ ಇಲ್ಲವಾಯಿತು. ಆದರೆ ಎರಡನೆಯ ಗಾಡಿಗೆ ಸಾಲ ಕೇಳಲು ಹೋದಾಗ ಬ್ಯಾಂಕಿನವರು ನೋಡುವುದು ಇದೇ ಕಾಗದವನ್ನು. ನೂರಕ್ಕೆ ಎಂಟೆಂದು ಬರೆದುಕೊಟ್ಟವನು ಅಲ್ಲಿ ಎಂಟರ ಮನುಷ್ಯನಾಗಿಯೇ ನಿಲ್ಲುತ್ತಾನೆ. ಅದಕ್ಕಿಂತ ದೊಡ್ಡ ಮಾತು, ಸವಕಳಿಯನ್ನು ಕಾಣದೆ ಕೈಗೆ ಬಂದದ್ದೆಲ್ಲ ಮನೆಗೆ ಖರ್ಚು ಮಾಡಿದವನಿಗೆ, ಸಾಲ ತೀರಿದ ದಿನವೇ ಗಾಡಿಯೂ ತೀರಿರುತ್ತದೆ. ಐದು ವರ್ಷ ಅವನು ಉಂಡದ್ದು ಗಾಡಿಯನ್ನೇ.

ಬಸವಣ್ಣನವರು ಬಿಜ್ಜಳನ ಭಂಡಾರಿಯಾಗಿದ್ದರು. ಬಾಗೇವಾಡಿಯವರಿಗೆ ನಾನು ಲೆಕ್ಕ ಕಲಿಸುವುದು ಅತಿಯಾದೀತು. ಬೇಕಾದದ್ದು ಒಂದು ನೋಟುಬುಕ್ಕು ಮಾತ್ರ. ಡೀಸೆಲ್, ವಿಮೆ, ಪರ್ಮಿಟ್, ರಿಪೇರಿ, ಬಡ್ಡಿ ಬರೆಯಬೇಕು. ಪೊಲೀಸರ ದಂಡ ಖರ್ಚಾಗದು. ಫೋನಿನ ಕಂಪನಿ ಹಿಡಿದುಕೊಳ್ಳುವ ಕಮಿಷನ್ ಖರ್ಚು. ಮೂಲದಲ್ಲೇ ಮುರಿದ ತೆರಿಗೆ ಖರ್ಚಲ್ಲ, ರಿಟರ್ನ್ ಸಲ್ಲಿಸಿ ಹಿಂದಕ್ಕೆ ಕೇಳಬಹುದಾದ ಹಣ. ಒಬ್ಬನಿಗೆ ಒಂದೇ ದಿನ 10,000 ರೂಪಾಯಿಗೆ ಮೀರಿ ನಗದು ಕೊಟ್ಟರೆ ಆ ಖರ್ಚನ್ನು ಸಾಮಾನ್ಯವಾಗಿ ಒಪ್ಪುವುದಿಲ್ಲ. ಎಂಜಿನ್ ಬಿಚ್ಚಿಸುವ ಮೊದಲು ಇದು ನೆನಪಿರಲಿ. ಅಕ್ಕನ ಮನೆಯ ಮದುವೆಗೆ ಓಡಿದ ಮೈಲುಗಳನ್ನು ಬೇರೆ ಬರೆಯಬೇಕು, ಅಷ್ಟು ಪಾಲು ವ್ಯಾಪಾರಕ್ಕೆ ಸೇರದು. ಮಾರ್ಚ್ 31ರ ರಾತ್ರಿ ಮೀಟರಿನ ಅಂಕಿಯನ್ನು ಗುರುತು ಹಾಕಿಕೊಂಡರೆ, ಏಪ್ರಿಲ್ ಒಂದರಿಂದ ಹೊಸ ಪುಟ.