ಇನ್ನೂರ ಹದಿನಾಲ್ಕು ಕೋಟಿಯ ಅವಿಭಾಜ್ಯ ಸಂಖ್ಯೆ



ಬಿ.ಇ. ಮೊದಲ ವರ್ಷ ಉಪನ್ಯಾಸಕರೊಬ್ಬರು ನನ್ನನ್ನು ಎಬ್ಬಿಸಿ, ‘ಪ್ರೈಮ್ ನಂಬರ್ ಅಂದರೇನು?’ ಎಂದು ಕೇಳಿದರು. ತಲೆ ತಗ್ಗಿಸಿ ನಿಂತೆ. ಎರಡು ದಿನ ಬಿಟ್ಟು ಗೊತ್ತಾಯಿತು, ಅದು ನಾನು ಇದೇ ಶಾಲೆಯಲ್ಲಿ ಕಲಿತ ಅವಿಭಾಜ್ಯ ಸಂಖ್ಯೆ! ಇಲ್ಲಿ ಗಣಿತದ ಗುರುಗಳು ಕೇಳಿದ್ದರು: “ಮೂವತ್ತೊಂದು ಖಣ ಅದಾವ. ಸರಿಸಮ ಗಂಟು ಕಟ್ಟು ನೋಡೂಣು, ಒಂದೂ ಉಳೀಬಾರ್ದು.” ಎರಡೆರಡು, ಮೂರು ಮೂರು, ಐದೈದು, ಹೇಗೆ ಕಟ್ಟಿದರೂ ಒಂದು ಖಣ ಕೈಯಲ್ಲೇ ಉಳಿಯಿತು. ಮಗ್ಗದ ಮನೆಯ ಹುಡುಗನಿಗೆ ಅದು ಮರೆಯುವ ಲೆಕ್ಕವಲ್ಲ.

ಕೆಲಸಕ್ಕೆ ಸೇರಿದ ಹೊಸತರಲ್ಲಿ ಆ ಮೂವತ್ತೊಂದು ಮತ್ತೆ ಎದುರಾಯಿತು. ನಾನು ಬರೆದ ಪ್ರೋಗ್ರಾಮಿನಲ್ಲಿ ಒಂದು ಎಣಿಕೆ ಏರುತ್ತಾ ಹೋಗಿ 2147483647 ಮುಟ್ಟಿತು. ಮುಂದಿನ ಹೆಜ್ಜೆಗೆ ಋಣ ಸಂಖ್ಯೆಯಾಯಿತು! ತಪ್ಪು ನನ್ನದೇ. ಅದಕ್ಕೆ 32 ಬಿಟ್‌ಗಳ ಜಾಗವನ್ನಷ್ಟೇ ಕೊಟ್ಟಿದ್ದೆ. ಧನ-ಋಣ ಗುರುತಿಗೆ ಒಂದು ಬಿಟ್ ಹೋದರೆ ಉಳಿಯುವುದು 31. ಮೂವತ್ತೊಂದು ಎರಡುಗಳನ್ನು ಗುಣಿಸಿ ಒಂದು ಕಳೆದರೆ ಬರುವುದೇ ಈ ಸಂಖ್ಯೆ. ಹಳೆಯ ಎಷ್ಟೋ ಕಂಪ್ಯೂಟರ್‌ಗಳು 1970ರ ಜನವರಿ 1ರಿಂದ ಸೆಕೆಂಡುಗಳನ್ನು ಎಣಿಸುವುದೂ ಇಷ್ಟೇ ಜಾಗದಲ್ಲಿ. 2038ರ ಜನವರಿ 19ರಂದು, ನಮ್ಮ ಸಮಯ ಬೆಳಿಗ್ಗೆ 8 ಗಂಟೆ 44 ನಿಮಿಷ 7 ಸೆಕೆಂಡಿಗೆ, ಆ ಜಾಗ ತುಂಬುತ್ತದೆ. ಅಷ್ಟರೊಳಗೆ ಅವನ್ನೆಲ್ಲ ಬದಲಿಸಬೇಕು. ನಮ್ಮಂಥವರಿಗೆ ಕೆಲಸ ಇದ್ದೇ ಇದೆ.

ಈ ಸಂಖ್ಯೆಯೂ ಅವಿಭಾಜ್ಯ. 1772ರಲ್ಲಿ ಅದನ್ನು ತೋರಿಸಿಕೊಟ್ಟವರು ಲಿಯೊನಾರ್ಡ್ ಆಯ್ಲರ್. ಆಗ ಅವರಿಗೆ ಕಣ್ಣು ಬಹುತೇಕ ಕಾಣುತ್ತಿರಲಿಲ್ಲ. ಇದರ ವರ್ಗಮೂಲ ಸುಮಾರು 46341. ಅಲ್ಲಿಯವರೆಗೆ ಭಾಜಕ ಸಿಗದಿದ್ದರೆ ಮುಂದೆ ಹುಡುಕಬೇಕಿಲ್ಲ. ಅಷ್ಟನ್ನೂ ಪರೀಕ್ಷಿಸಬೇಕೇ? ಬೇಡ. ಇದಕ್ಕೆ ಅವಿಭಾಜ್ಯ ಭಾಜಕವಿದ್ದರೆ ಅದು 31ರ ಎರಡರಷ್ಟು, ಅಂದರೆ 62ರ ಮಗ್ಗಿಗೆ ಒಂದು ಕೂಡಿಸಿದ ಸಂಖ್ಯೆಯೇ ಆಗಿರಬೇಕು. ಇನ್ನೊಂದು ನಿಯಮದಿಂದ ಅವುಗಳಲ್ಲೂ ಅರ್ಧದಷ್ಟು ಬಿಟ್ಟುಹೋಗುತ್ತವೆ. ಉಳಿಯುವುದು ನಾಲ್ಕು ನೂರಕ್ಕಿಂತ ಕಡಿಮೆ. ಯಾವುದರಿಂದಲೂ ಭಾಗವಾಗಲಿಲ್ಲ. 2024ರಲ್ಲಿ ಸಿಕ್ಕ, 4 ಕೋಟಿ 10 ಲಕ್ಷಕ್ಕೂ ಹೆಚ್ಚು ಅಂಕಿಗಳ ಅವಿಭಾಜ್ಯ ಸಂಖ್ಯೆಯೂ ಇದೇ ಜಾತಿಯದು, ಎರಡುಗಳನ್ನು ಗುಣಿಸಿ ಒಂದು ಕಳೆದದ್ದು.

ಆದರೆ ಈ ಜಾತಿಯವೆಲ್ಲ ಅವಿಭಾಜ್ಯವೆಂದು ನಂಬಬೇಡಿ. ಹನ್ನೊಂದು ಎರಡುಗಳಿಂದ 2047 ಬರುತ್ತದೆ. 22ಕ್ಕೆ ಒಂದು ಕೂಡಿಸಿದರೆ 23. ಮೊದಲ ಪೆಟ್ಟಿಗೇ ಸಿಕ್ಕಿಬೀಳುತ್ತದೆ, 23 ಗುಣಿಲೆ 89. ಹದಿಮೂರರಿಂದ 8191. ಇದರ ವರ್ಗಮೂಲ 90ರ ಆಸುಪಾಸು. 26ರ ಮಗ್ಗಿಗೆ ಒಂದೊಂದು ಕೂಡಿಸಿದರೆ 27, 53, 79. ಇವುಗಳಲ್ಲಿ 27 ಅವಿಭಾಜ್ಯವಲ್ಲ, ಬಿಡಿ. 53ರಿಂದ ಭಾಗಿಸಿದರೆ ಶೇಷ 29, 79ರಿಂದ ಭಾಗಿಸಿದರೆ 54. ಎರಡೇ ಭಾಗಾಕಾರಕ್ಕೆ ಕೆಲಸ ಮುಗಿಯಿತು, 8191 ಅವಿಭಾಜ್ಯ!

ಹತ್ತನೇ ತರಗತಿಯ ಮಕ್ಕಳೇ, ಹದಿನೇಳರದ್ದು ನಿಮಗೆ: 131071. ವರ್ಗಮೂಲ ಸುಮಾರು 362, ಮಗ್ಗಿ 34ರದ್ದು. ನಾಲ್ಕೇ ಭಾಗಾಕಾರ ಸಾಕು. ಯಾವ ನಾಲ್ಕು ಎಂದು ನೀವೇ ಹುಡುಕಿ. ಮೊಬೈಲ್ ತೆಗೆಯಬೇಡಿ. ಊಟ ಮುಗಿಯುವವರೆಗೂ ಇಲ್ಲೇ ಇರುತ್ತೇನೆ, ಬಂದು ತೋರಿಸಿ.