ಬೇಟೆಯ ಪೀಪಿ ಮತ್ತು ಕಿವಿಯ ವಿದ್ಯೆ
(ಸಂಘದ ವಿದ್ಯಾರ್ಥಿ ಸಮಾವೇಶದಲ್ಲಿ ಮಾಡಿದ ಭಾಷಣ)



ನಿಮ್ಮಲ್ಲಿ ಎಷ್ಟು ಜನ ಚಿಕ್ಕಂದಿನಲ್ಲಿ ಎರಡು ಹೆಬ್ಬೆರಳುಗಳ ನಡುವೆ ಹುಲ್ಲಿನ ಎಸಳು ಹಿಡಿದು ಊದಿದ್ದೀರಿ? ಮಾವಿನ ಗೊರಟೆಯನ್ನು ಕಲ್ಲಿಗೆ ಉಜ್ಜಿ ಪೀಪಿ ಮಾಡಿದ್ದೀರಿ? ನಮಗೆ ಅದು ಆಟ. ಆದರೆ ಜಗತ್ತಿನ ಅನೇಕ ಕಡೆ ಬೇಟೆಗಾರರಿಗೆ ಅಂತಹ ಪೀಪಿಯೇ ಒಂದು ಉಪಕರಣವಾಗಿತ್ತು.

ಅದನ್ನು ಮಾಡುವ ಕ್ರಮ ಸರಳ. ಬೆರಳುದ್ದದ ಎರಡು ಬಿದಿರಿನ ಸೀಳುಗಳನ್ನು ತೆಗೆದುಕೊಂಡು, ಒಳಮೈಯನ್ನು ಮಧ್ಯದಲ್ಲಿ ಸ್ವಲ್ಪ ಕೆತ್ತಬೇಕು. ನಡುವೆ ಒಂದು ಹುಲ್ಲಿನ ಎಸಳನ್ನು ಬಿಗಿಯಾಗಿ ಎಳೆದು, ಎರಡೂ ತುದಿಗಳನ್ನು ನಾರಿನಿಂದ ಕಟ್ಟಬೇಕು. ಊದಿದಾಗ ಎಸಳು ಕಂಪಿಸುತ್ತದೆ. ಬಿಗಿ ಹೆಚ್ಚಾದರೆ ಸ್ವರ ಏರುತ್ತದೆ, ಸಡಿಲವಾದರೆ ಇಳಿಯುತ್ತದೆ. ನೀವು ಭೌತಶಾಸ್ತ್ರದಲ್ಲಿ ಓದುವ ಕಂಪನದ ಪಾಠ ಇದೇ. ಅಂಗೈಯನ್ನು ಮುಚ್ಚಿ ತೆರೆಯುತ್ತಾ ಊದಿದರೆ ಗಾಯಗೊಂಡ ಮೊಲದ ಚೀತ್ಕಾರ ಕೇಳಿಸುತ್ತದೆ. ಸುಲಭದ ಆಹಾರ ಸಿಕ್ಕಿತೆಂದು ನರಿಯೋ ಚಿರತೆಯೋ ಅದರತ್ತ ಬರುತ್ತದೆ.

ಬಿದಿರು ಎಲ್ಲರಿಗೂ ಸಿಗುತ್ತದೆ. ಆದರೆ ಮೊಲ ಹೇಗೆ ಕೂಗುತ್ತದೆ, ಯಾವಾಗ ನಿಲ್ಲಿಸುತ್ತದೆ ಎಂಬುದು ವರ್ಷಗಟ್ಟಲೆ ಕಾಡಿಗೆ ಕಿವಿಗೊಟ್ಟವನಿಗೆ ಮಾತ್ರ ಗೊತ್ತು. 1938ರ ನವೆಂಬರಿನಲ್ಲಿ ಜಿಮ್ ಕಾರ್ಬೆಟ್, ಕುಮಾವೂಂ ಪ್ರದೇಶದ ಠಾಕ್ ಎಂಬ ಹಳ್ಳಿಯ ನರಭಕ್ಷಕ ಹೆಣ್ಣು ಹುಲಿಯನ್ನು ಗಂಡು ಹುಲಿಯಂತೆ ಬಾಯಿಯಿಂದಲೇ ಕೂಗಿ ಕರೆಸಿಕೊಂಡರು. ಅವರ ಕೈಯಲ್ಲಿ ಪೀಪಿ ಇರಲಿಲ್ಲ, ಕಿವಿ ಕಲಿತ ಪಾಠವಿತ್ತು.

ಅಂತಹ ವಿದ್ಯೆ ಬಲ್ಲವರು ನಮ್ಮ ಜಿಲ್ಲೆಯಲ್ಲೇ ಇದ್ದಾರೆ. ಹಕ್ಕಿಪಿಕ್ಕಿ ಜನರು ಹಕ್ಕಿ, ಪ್ರಾಣಿಗಳ ಕೂಗನ್ನು ಅನುಕರಿಸುವುದರಲ್ಲಿ ಹೆಸರಾದವರು. ಮನೆಯಲ್ಲಿ ಅವರು ಆಡುವುದು ವಾಗ್ರಿ ಭಾಷೆ, ಅದು ಗುಜರಾತಿಗೆ ಹತ್ತಿರದ್ದು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಬೇಟೆಯನ್ನು ನಿಷೇಧಿಸಿತು. ಅದು ಸರಿಯಾದ ಕಾನೂನು. ಅದಿಲ್ಲದಿದ್ದರೆ ಇಂದು ಶೆಟ್ಟಿಹಳ್ಳಿಯ ಕಾಡಿನಲ್ಲಿ, 1998ರಲ್ಲಿ ಹುಲಿ ಸಂರಕ್ಷಿತ ಪ್ರದೇಶವಾದ ಭದ್ರಾದಲ್ಲಿ ಏನು ಉಳಿಯುತ್ತಿತ್ತು? ಆದರೆ ಬೇಟೆಯನ್ನೇ ನಂಬಿದ್ದವರ ಅನ್ನವೂ ಅದರೊಂದಿಗೆ ಹೋಯಿತು. ಅವರು ಗಿಡಮೂಲಿಕೆ, ಎಣ್ಣೆ ಮಾರುತ್ತಾ ದೇಶ ಸುತ್ತಿದರು, ಆಫ್ರಿಕಾಕ್ಕೂ ಹೋದರು. 2023ರ ಏಪ್ರಿಲ್‌ನಲ್ಲಿ ಸುಡಾನ್‌ನಲ್ಲಿ ಯುದ್ಧ ಶುರುವಾದಾಗ ಅಲ್ಲಿ ಸಿಕ್ಕಿಬಿದ್ದವರಲ್ಲಿ ನಮ್ಮ ಜಿಲ್ಲೆಯ ಹಕ್ಕಿಪಿಕ್ಕಿಗಳೂ ಇದ್ದರು. ಆಗಷ್ಟೇ ನಾವು ಅವರ ಹೆಸರನ್ನು ಪತ್ರಿಕೆಯಲ್ಲಿ ಓದಿದೆವು.

ಮಿತ್ರರೆ, ನನ್ನ ವಿನಂತಿ ಎರಡು. ಒಂದು, ಪೀಪಿ ಮಾಡಿ ನೋಡಿ, ಆದರೆ ಮನೆಯಂಗಳದಲ್ಲಿ ಮಾತ್ರ. ಕಾಡಂಚಿಗೆ ಹೋಗಿ ಪ್ರಾಣಿಯನ್ನು ಕರೆಯಬೇಡಿ. ಹಸಿದ ಚಿರತೆಯನ್ನು ಸುಳ್ಳು ಹೇಳಿ ಊರ ಬಳಿಗೆ ತಂದರೆ ಅದಕ್ಕೂ ಅಪಾಯ, ಊರಿಗೂ ಅಪಾಯ. ಆಮಿಷ ಒಡ್ಡುವುದನ್ನೂ ಕಾಯಿದೆ ಬೇಟೆಯೆಂದೇ ಎಣಿಸುತ್ತದೆ.

ಎರಡನೆಯದು, ಹಿರಿಯರ ಬಳಿ ಕುಳಿತು ಕೇಳಿ. ಯಾವ ಕೂಗಿಗೆ ಯಾವ ಪ್ರಾಣಿ, ಯಾವ ತಿಂಗಳಲ್ಲಿ ಯಾವ ಹಕ್ಕಿ ಎಂಬುದನ್ನು ಹೇಳಿದವರ ಒಪ್ಪಿಗೆ ಪಡೆದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಇಂದು ಅದು ಹಕ್ಕಿ ಎಣಿಸಲು, ಕಾಡು ಕಾಯಲು ಬರುವ ವಿದ್ಯೆ. ಅದನ್ನು ಬಲ್ಲವರಿಗೆ ಸರ್ಟಿಫಿಕೇಟ್ ಇಲ್ಲ, ಅವರ ಮಕ್ಕಳಿಗೆ ಶಾಲೆ ಬೇಕು. ನಾವು ಶಿಕ್ಷಣಕ್ಕಾಗಿ ಕಟ್ಟಿಕೊಂಡ ಸಂಘದವರು. ನೆರೆಯವರ ಮಕ್ಕಳೂ ಓದಲಿ, ಅವರ ಹಿರಿಯರಿಂದ ನಾವೂ ಕಲಿಯೋಣ. ಹಾಗಾದಾಗಲೇ ಶಿಕ್ಷಣ ಎಂಬ ಮಾತಿಗೆ ಪೂರ್ಣ ಅರ್ಥ ಬರುತ್ತದೆ.